ಶುದ್ಧ ನೀರು ತಂದ ವರ

ನಮ್ಮ ನಲ್ಲಿಯಲ್ಲಿ ಬೆಳಿಗ್ಗೆ ಮೊದಲು ಗಾಳಿ ಬರುತ್ತದೆ, ಆಮೇಲೆ ಕೆಮ್ಮು, ಆಮೇಲೆ ತೆಳ್ಳಗಿನ ಚಹಾದ ಬಣ್ಣದ ನೀರು. ಠಾಕುರ್ಲಿಯ ಕಡೆ ರಸ್ತೆ ಅಗೆಯುವಾಗ ಪೈಪು ಒಡೆದ ದಿನದಿಂದ ಹೀಗೆ. ಬಣ್ಣ ತಿಳಿಯಾದ ದಿನ ವಾಸನೆ ಶುರುವಾಗುತ್ತದೆ. ಯಾರೋ ಸಿಟ್ಟಿನಿಂದ ಬ್ಲೀಚಿಂಗ್ ಪೌಡರ್ ಸುರಿದಂತೆ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ದಿನವೂ ಯಾರಾದರೂ ಬಕೆಟಿನ ಫೋಟೊ ಹಾಕುತ್ತಾರೆ. ಅದರ ಕೆಳಗೆ ಇನ್ನೊಬ್ಬರು ಕೈಮುಗಿದ ಚಿತ್ರ, ಅದರ ಕೆಳಗೆ ಮತ್ತೊಬ್ಬರಿಗೆ ಹುಟ್ಟುಹಬ್ಬದ ಶುಭಾಶಯ. ಅಲ್ಲಿಗೆ ಡೊಂಬಿವಲಿಯ ನಾಗರಿಕರ ಹೋರಾಟ ಮುಗಿಯಿತು.

ಮನುಷ್ಯರ ಪಾಡು ಹೇಗೋ ಆಗುತ್ತದೆ. ನನಗೆ ಚಿಂತೆ ಅನಂತುವಿನದು.

ಅನಂತು ಒಂದು ಮೀನು. ಆಸ್ಕರ್ ಜಾತಿ. ಕಪ್ಪು ಮೈಯ ಮೇಲೆ ಕೆಂಡದಂಥ ಚುಕ್ಕೆಗಳು, ನನ್ನ ಅಂಗೈಗಿಂತ ಉದ್ದ, ಮುಂದಕ್ಕೆ ಚಾಚಿದ ಕೆಳತುಟಿ. ಯಾರನ್ನು ಕಂಡರೂ ‘ಓ, ನೀನೂ ಬಂದೆಯಾ’ ಎನ್ನುವ ಮುಖ. ಸಿಟ್ಟು ಬಂದರೆ ತಳದ ಕಲ್ಲುಗಳ ಮೇಲೆ ಒಂದು ಮಗ್ಗುಲಾಗಿ ಮಲಗಿಬಿಡುತ್ತಾನೆ, ಥೇಟು ಸತ್ತಂತೆ. ಮೊದಲ ಸಲ ಅದನ್ನು ನೋಡಿದ ಅಪ್ಪ, “ಇವನು ಅನಂತಶಯನ ಮಾರಾಯ್ತಿ” ಎಂದು ನಕ್ಕಿದ್ದರು. ಹೆಸರು ಹಾಗೆ ಬಂದದ್ದು. ನಮ್ಮ ಮನೆಗೆ ಬಂದುಹೋಗುವವರ ಬಗ್ಗೆ ನನ್ನ ಮನಸ್ಸಿನಲ್ಲಿ ಇರುವುದೆಲ್ಲ ಅವನ ಮುಖದ ಮೇಲೆ ಇರುತ್ತದೆ. ಅವನು ಮೀನಾದ್ದರಿಂದ ಯಾರೂ ತಪ್ಪು ತಿಳಿಯುವುದಿಲ್ಲ.

ಮೊದಲು ಇಬ್ಬರಿದ್ದರು. ಕಳೆದ ಚೌತಿಯ ಮುನ್ನಾದಿನ ನಾನು ಟ್ಯೂಷನ್ ಹೇಳಲು ಹೋಗಿದ್ದಾಗ ಅಮ್ಮ ಮನೆ ತೊಳೆದಳು. ಚೌತಿಗೆ ಮೊದಲು ತೊಳೆಯದ ವಸ್ತು ನಮ್ಮ ಮನೆಯಲ್ಲಿ ಉಳಿಯಬಾರದು. ಪರದೆ, ಫ್ಯಾನಿನ ರೆಕ್ಕೆ, ಡಬ್ಬಿಗಳ ಮುಚ್ಚಳ ಎಲ್ಲ ಮುಗಿದ ಮೇಲೆ ಅಮ್ಮನ ಕಣ್ಣು ಮೀನಿನ ಟ್ಯಾಂಕಿನ ಮೇಲೆ ಬಿತ್ತು. ನೀರೆಲ್ಲ ಚೆಲ್ಲಿದಳು. ಕಲ್ಲುಗಳನ್ನೂ ಫಿಲ್ಟರಿನ ಸ್ಪಂಜನ್ನೂ ಪಾತ್ರೆ ತಿಕ್ಕುವ ಸೋಪು ಹಾಕಿ ತಿಕ್ಕಿದಳು. ಬ್ಲೀಚಿಂಗ್ ವಾಸನೆಯ ನೀರನ್ನು ನಲ್ಲಿಯಿಂದ ನೇರವಾಗಿ ತುಂಬಿಸಿದಳು. ಗಾಜು ಹೊಳೆಯುತ್ತಿತ್ತು. ಮರುದಿನ ಆರತಿಯ ಹೊತ್ತಿಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು.

“ಹಬ್ಬದ ದಿವಸ ಹೋಯ್ತು, ಪುಣ್ಯವಂತ ಮೀನು,” ಎಂದಳು ಅಮ್ಮ. ಮೋದಕ ಹಂಚಿದಳು.

ಅಂದಿನಿಂದ ಟ್ಯಾಂಕನ್ನು ನಾನಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಬಾಲ್ಕನಿಯಲ್ಲಿ ಒಂದು ನೀಲಿ ಡ್ರಮ್ಮು ಇಟ್ಟುಕೊಂಡಿದ್ದೇನೆ. ನಲ್ಲಿಯ ಬಾಯಿಗೆ ಅಪ್ಪನ ಹಳೆಯ ಪಂಚೆಯ ತುಂಡು ಕಟ್ಟಿ ನೀರು ಹಿಡಿಯುತ್ತೇನೆ. ಕೆಸರು ತಳಕ್ಕೆ ಇಳಿಯಲು ಬಿಟ್ಟು, ಕ್ಲೋರಿನ್ ಕಳೆಯುವ ಹನಿ ಹಾಕಿ, ಮೇಲಿನ ತಿಳಿಯನ್ನು ಮಾತ್ರ ಮಗ್ಗಿನಲ್ಲಿ ಎತ್ತುತ್ತೇನೆ. ಟ್ಯಾಂಕಿನಿಂದ ತೆಗೆಯುವುದು ಕಾಲು ಭಾಗ, ಹಾಕುವುದೂ ಅಷ್ಟೇ, ಅದೂ ಮೆಲ್ಲಗೆ. ನೀರು ತೀರಾ ಕೆಟ್ಟು ಬಂದ ವಾರ ಬದಲಾಯಿಸುವುದೇ ಇಲ್ಲ; ಅನಂತುವಿಗೆ ಊಟ ಕಡಿಮೆ ಮಾಡುತ್ತೇನೆ. ಟ್ಯಾಂಕಿನ ಹಳೆಯ ನೀರು ನೋಡುವವರಿಗೆ ಸ್ವಲ್ಪ ಹಳದಿ ಕಾಣುತ್ತದೆ. ಆದರೆ ಅವನು ಒಗ್ಗಿಕೊಂಡಿರುವುದು ಅದಕ್ಕೇ. ಪೂರ್ತಿ ಕಿತ್ತು ಬೇರೆ ಹಾಕಿದರೆ, ಆ ಬೇರೆ ನೀರು ಎಷ್ಟೇ ಶುದ್ಧವಿರಲಿ, ಅವನ ಮೈ ತಡೆಯುವುದಿಲ್ಲ. ಇದನ್ನು ನಮ್ಮ ಮನೆಗೆ ಬರುವವರಿಗೆ ಹೇಳುವುದರಲ್ಲಿ ಅರ್ಥವಿಲ್ಲ. ಅವರು ಕರಾವಳಿಯವರು. ಮೀನಿನ ವಿಷಯದಲ್ಲಿ ಅವರ ಜ್ಞಾನ ಮಸಾಲೆಯಿಂದ ಶುರುವಾಗುತ್ತದೆ.

ಜಲಜಾಕ್ಷಿ ಅತ್ತೆ, ಅಂದರೆ ಅಪ್ಪನ ತಂಗಿ, ಘಣಸೋಲಿಯಿಂದ ಬಂದಾಗಲೆಲ್ಲ ಟ್ಯಾಂಕಿನ ಮುಂದೆ ನಿಂತು, “ರವಾ ಹಾಕಿ ಕಾಯಿಸಿದರೆ ಎಂಥ ಚಂದ ಆದೀತು!” ಎನ್ನುತ್ತಾಳೆ. ಪ್ರತಿ ಸಲವೂ ಅದೇ ಮಾತು. ಪ್ರತಿ ಸಲವೂ ಅಪ್ಪ ನಗುತ್ತಾರೆ. ಈ ಸಲ ಅವಳು ಆ ಮಾತಿನ ಜೊತೆ ಒಂದು ಸಂಬಂಧವನ್ನೂ ತಂದಳು.

“ಹುಡುಗ ಏರಿಯಾ ಮ್ಯಾನೇಜರ್. ನೀರು ಶುದ್ಧ ಮಾಡುವ ಮಶೀನಿನ ಕಂಪನಿ. ನಮ್ಮ ಸೆಕ್ಟರಿನಲ್ಲೇ ಫ್ಲ್ಯಾಟ್ ಉಂಟು. ಕುಂದಾಪುರದ ಕಡೆಯವರು, ತುಳು ಬರುವುದಿಲ್ಲ, ಅದೊಂದು ಬಿಟ್ಟರೆ ಕೊರತೆ ಇಲ್ಲ. ನೋಡಿ ಅತ್ತಿಗೆ, ನಮ್ಮ ಪ್ರೇಕ್ಷಾಗೆ ಮಾತು ಹೊರಡುವುದಿಲ್ಲ, ಅವನಿಗೆ ಮಾತು ನಿಲ್ಲುವುದಿಲ್ಲ. ಇದಕ್ಕಿಂತ ಜೋಡಿ ಎಲ್ಲಿ ಸಿಗ್ತದೆ?”

ಹುಡುಗ ಯತಿನ್, ಅವನ ತಾಯಿ ವಸಂತಿ, ಮಧ್ಯೆ ಜಲಜಾಕ್ಷಿ ಅತ್ತೆ. ಒಂದು ಭಾನುವಾರ ಮೂವರೂ ಬಂದು ಸೋಫಾದಲ್ಲಿ ಕೂತರು. ನಾನು ನೀರು ತಂದೆ. ಯತಿನ್ ನನ್ನ ಮುಖ ನೋಡಲಿಲ್ಲ, ಗ್ಲಾಸು ನೋಡಿದ. ಅಂಗಿಯ ಜೇಬಿನಿಂದ ಪೆನ್ನಿನಂಥ ಒಂದು ಮೀಟರು ತೆಗೆದು ಅದರಲ್ಲಿ ಅದ್ದಿದ.

“ಟಿಡಿಎಸ್ ನೋಡಿ ಅಂಕಲ್, ನೀರಲ್ಲಿ ಕರಗಿರೋದೆಲ್ಲ ಇದರಲ್ಲಿ ತೋರತ್ತೆ. ತಪ್ಪು ತಿಳೀಬೇಡಿ, ಇದು ನೀರಲ್ಲ, ಝೆಹರ್, ವಿಷ.”

ಅಪ್ಪ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಕಲ್ಲು ಸಿಕ್ಕಿದ ಅನ್ನವನ್ನು ವಾಪಸು ತಂದ ಗಿರಾಕಿಗೆ, ಕಲ್ಲು ಅವನದೇ ಹಲ್ಲೆಂದು ನಂಬಿಸಿ ಕಳುಹಿಸಬಲ್ಲವರು. ಅಂಥವರು ಆ ಪೆನ್ನಿನ ಮುಂದೆ ಶಾಲೆಯ ಹುಡುಗನಂತೆ ಕೂತರು.

ಯತಿನ್ ಎದ್ದು ಅಡುಗೆಮನೆಯ ನಲ್ಲಿ ಅಳೆದ. ಬಾಲ್ಕನಿಯ ಡ್ರಮ್ಮು ಅಳೆದ. ಕೊನೆಗೆ ಟ್ಯಾಂಕಿನ ಮುಚ್ಚಳ ಎತ್ತಿ ಅನಂತುವಿನ ನೀರಿಗೂ ಪೆನ್ನು ಇಳಿಸಿದ. ಅನಂತು ಒಮ್ಮೆ ಅದನ್ನು ಕಚ್ಚಿದ. ಆ ದಿನ ನಮ್ಮ ಮನೆಯಲ್ಲಿ ನಡೆದ ಏಕೈಕ ಸರಿಯಾದ ಕೆಲಸ ಅದು.

“ಆರುನೂರರ ಮೇಲೆ! ಬಿಚಾರಾ, ಗಟಾರದಲ್ಲಿ ಇದ್ದಾನೆ.”

ಆಮೇಲೆ ಬ್ಯಾಗಿನಿಂದ ಅವನ ಕಂಪನಿಯ ಪೆಟ್ಟಿಗೆ ಹೊರಬಂತು. ಅದರ ಕೆಳಗೆ ಎರಡು ಜೊತೆ ಲೋಹದ ರಾಡುಗಳು. ಒಂದು ಜೊತೆಯನ್ನು ನಾನು ತಂದಿದ್ದ ನೀರಿನ ಗ್ಲಾಸಿಗೆ, ಇನ್ನೊಂದನ್ನು ತಾನು ತಂದ ಬಾಟಲಿಯ ಆರ್‌ಒ, ಅಂದರೆ ಮಶೀನು ಸೋಸಿದ, ನೀರಿನ ಗ್ಲಾಸಿಗೆ ಇಳಿಸಿ ಸ್ವಿಚ್ಚು ಹಾಕಿದ. ನಮ್ಮ ಗ್ಲಾಸಿನಲ್ಲಿ ಮೊದಲು ಹಳದಿ ಎಳೆಗಳು ಹುಟ್ಟಿದವು, ಆಮೇಲೆ ಕಂದು ಮಡ್ಡಿ ಎದ್ದಿತು, ಮೇಲೆ ಹಸಿರು ನೊರೆ ಕಟ್ಟಿತು. ಅವನ ಗ್ಲಾಸು ಕನ್ನಡಿಯಂತೆ ಇತ್ತು.

“ಅಯ್ಯೋ ದೇವರೇ!” ಎಂದಳು ಅಮ್ಮ.

“ಇಷ್ಟು ವರ್ಷ ಇದನ್ನೇ ಕುಡಿದದ್ದಾ ನಾವು?” ಎಂದರು ಅಪ್ಪ.

ವಸಂತಿ ಮಗನನ್ನು ನೋಡಿ ಹೆಮ್ಮೆಯಿಂದ ಸೆರಗು ಸರಿಪಡಿಸಿಕೊಂಡರು.

ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೇನೆ. ಆ ಮಡ್ಡಿ ನೀರಿನೊಳಗಿನ ಕೊಳೆಯಲ್ಲ. ನೀರಿನಲ್ಲಿ ಲವಣವಿದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣದ ರಾಡೇ ಕರಗಿ ತುಕ್ಕಾಗಿ ಇಳಿಯುತ್ತದೆ. ಆರ್‌ಒ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಕರೆಂಟು ಹರಿಯದು, ರಾಡು ಕರಗದು. ಇದನ್ನು ನಾನು ಹತ್ತನೇ ತರಗತಿಯ ಮಕ್ಕಳಿಗೆ ಹೇಳಿಕೊಡುತ್ತೇನೆ. ಈ ಮನುಷ್ಯ ತಾನು ಮಾರುವ ವಸ್ತುವಿನ ಬಗ್ಗೆ ಹತ್ತನೇ ತರಗತಿಯಷ್ಟೂ ತಿಳಿಯದೆ ಏರಿಯಾ ಮ್ಯಾನೇಜರ್ ಆಗಿದ್ದಾನಲ್ಲ ಎಂದು ಮನಸ್ಸಿನೊಳಗೇ ನಕ್ಕೆ. ಹೊಸಬರ ಎದುರು ನನ್ನ ಗಂಟಲು ಮುಚ್ಚಿಕೊಳ್ಳುತ್ತದೆ, ಚಿಕ್ಕಂದಿನಿಂದಲೂ ಹಾಗೇ.

ಹೊರಡುವಾಗ ಯತಿನ್ ಘೋಷಿಸಿದ: “ಮುಂದಿನ ಸಂಡೇ ನಾನೇ ಆರ್‌ಒ ನೀರು ತರ್ತೀನಿ. ಪೂರಾ ಟ್ಯಾಂಕ್ ಚೇಂಜ್. ನನ್ನ ಕಡೆಯಿಂದ ಪ್ರೇಕ್ಷಾಗೆ ಗಿಫ್ಟ್.”

“ನೋಡು ಮಗಾ, ನಿನ್ನ ಮೀನಿನ ಮೇಲೂ ಎಷ್ಟು ಕಾಳಜಿ!” ಎಂದು ಅತ್ತೆ ನನ್ನ ಕೆನ್ನೆ ಹಿಂಡಿದಳು. “ಆ ದಿವಸವೇ ಹೂಂ ಅಂತ ಹೇಳಿ ಮುಗಿಸುವ, ಅಣ್ಣ. ಒಳ್ಳೆ ಕೆಲಸಕ್ಕೆ ತಡ ಯಾಕೆ?”

ಆ ವಾರ ನಾನು ಅಮ್ಮನಿಗೆ ಹೇಳಿದೆ. ಪೂರ್ತಿ ನೀರು ಬದಲಾಯಿಸಿದರೆ ಅನಂತು ಸಾಯುತ್ತಾನೆ, ಚೌತಿಯಲ್ಲಿ ಆದದ್ದೇ ಆಗುತ್ತದೆ.

ಅಮ್ಮ ಬಸಳೆ ಸೋಸುತ್ತಿದ್ದಳು. “ಅದು ನಲ್ಲಿ ನೀರು, ಇದು ಮಶೀನಿನ ನೀರು. ನಮಗೆ ಒಳ್ಳೆಯದು ಮೀನಿಗೆ ಕೆಟ್ಟದ್ದು ಹೇಗೆ ಆಗ್ತದೆ?”

“ಆಗ್ತದೆ ಅಮ್ಮ.”

“ಹಾಗಾದ್ರೆ ಅವನಿಗೇ ಹೇಳು. ನಂಬರ್ ಉಂಟಲ್ಲ. ಮದುವೆ ಆಗುವ ಹುಡುಗನ ಹತ್ರ ಒಂದು ಮಾತಾಡ್ಲಿಕ್ಕೆ ನನ್ನನ್ನು ಯಾಕೆ ಮಧ್ಯೆ ತರ್ತೀ?”

ಮದುವೆ ಆಗುವ ಹುಡುಗ. ಬಸಳೆಯ ದಂಟಿನಷ್ಟು ಸಲೀಸಾಗಿ ಮುರಿದು ಹಾಕಿದಳು ಆ ಮಾತನ್ನು.

ನಾನು ಯತಿನ್‌ಗೆ ಬರೆದೆ: ‘ದಯವಿಟ್ಟು ನೀರು ತರಬೇಡಿ. ಒಮ್ಮೆಲೇ ಬದಲಾಯಿಸಿದರೆ ಮೀನು ಉಳಿಯುವುದಿಲ್ಲ.’ ಸ್ವಲ್ಪ ಹೊತ್ತಿಗೆ ಅವನ ದನಿಯ ಸಂದೇಶ ಬಂತು. “ಪ್ರೇಕ್ಷಾ, ಕನ್ನಡಾ ಪಢನಾ ನಹೀ ಆತಾ ಯಾರ್, ಇಂಗ್ಲಿಷಲ್ಲಿ ಹಾಕು.” ಇಂಗ್ಲಿಷಿನಲ್ಲಿ ಹಾಕಿದೆ. ಉತ್ತರವಾಗಿ ಒಂದು ಹೆಬ್ಬೆರಳು ಬಂತು. ಅದರ ಬೆನ್ನಿಗೆ ಕಂಪನಿಯ ವೀಡಿಯೊ: ಒಂದು ಮಗು ಗ್ಲಾಸು ಹಿಡಿದು ನಗುತ್ತದೆ, ಹಿಂದಿನಿಂದ ಜಲಪಾತ ಬೀಳುತ್ತದೆ.

ಭಾನುವಾರ ಬಂದರು. ಲಿಫ್ಟಿನಿಂದ ಒಂದೊಂದಾಗಿ ನೀರಿನ ಕ್ಯಾನುಗಳು ಇಳಿದವು. ಒಂದೊಂದರ ಕುತ್ತಿಗೆಗೂ ಅರಿಶಿನ ಕುಂಕುಮ ಹಚ್ಚಿತ್ತು, ಒಂದೊಂದು ಮಲ್ಲಿಗೆಯ ತುಂಡು ಕಟ್ಟಿತ್ತು.

“ಬರಿಗೈಯಲ್ಲಿ ಬರಬಾರದಲ್ಲ,” ಎಂದರು ವಸಂತಿ. “ಶುಭಕಾರ್ಯಕ್ಕೆ ತರುವ ವಸ್ತು.”

ಅಮ್ಮ ಕ್ಯಾನುಗಳಿಗೆ ಎದುರಾಗಿ ಬಂದು, ಸೊಸೆಯನ್ನು ಒಳಗೆ ಕರೆಯುವವಳಂತೆ, “ಬನ್ನಿ ಬನ್ನಿ, ಹೀಗೆ ಬನ್ನಿ” ಎಂದಳು. ಕ್ಯಾನುಗಳಿಗೋ ಮನುಷ್ಯರಿಗೋ ತಿಳಿಯಲಿಲ್ಲ. ವ್ಯತ್ಯಾಸವೂ ಹೆಚ್ಚೇನಿರಲಿಲ್ಲ, ಕ್ಯಾನುಗಳು ಸುಮ್ಮನಿದ್ದವು ಎನ್ನುವುದು ಬಿಟ್ಟರೆ.

ಯತಿನ್ ತೋಳು ಮಡಚಿದ. ಅಪ್ಪ ಪೈಪು ಹಿಡಿದರು. ಟ್ಯಾಂಕಿನ ನೀರು ಬಚ್ಚಲಿಗೆ ಹರಿಯತೊಡಗಿತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ‘ಬೇಡ’ ಎನ್ನಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು, ನಮ್ಮ ನಲ್ಲಿಯ ಹಾಗೆ. ಕಾಲು ಭಾಗ ಇಳಿಯಿತು. ಅರ್ಧಕ್ಕೆ ಬಂತು. ಅನಂತುವಿನ ಕೆಂಡದ ಚುಕ್ಕೆಗಳು ಆರಿ ಬೂದಿಯಾದವು. ಅವನು ಮೂಲೆಗೆ ಸರಿದು ಗಾಜಿನಾಚೆ ನನ್ನತ್ತ ನೋಡಿದ. ಆ ಮುಖದಲ್ಲಿ ‘ನೀನೂ ಬಂದೆಯಾ’ ಇತ್ತು. ಈ ಸಲ ಅದು ನನಗೇ.

ಸೋಫಾದ ಮುಂದಿನ ಟೀಪಾಯಿಯ ಮೇಲೆ ಆ ರಾಡುಗಳ ಪೆಟ್ಟಿಗೆ ಇತ್ತು. ಮೇಲಿನ ಮನೆಯವರಿಗೂ ತೋರಿಸಲು ಅಪ್ಪ ಕೇಳಿಕೊಂಡಿದ್ದರಂತೆ. ಪಕ್ಕದಲ್ಲಿ ಅವನ ಶುದ್ಧ ನೀರು ತುಂಬಿದ ಎರಡು ಗ್ಲಾಸುಗಳು. ನಾನು ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದೆ. ಒಂದು ಗ್ಲಾಸಿಗೆ ಒಂದು ಚಿಟಿಕೆ ಹಾಕಿ ಕದಡಿದೆ. ಎರಡೂ ಗ್ಲಾಸುಗಳಿಗೆ ರಾಡು ಇಳಿಸಿ ಸ್ವಿಚ್ಚು ಹಾಕಿದೆ.

“ಏ, ಅದರ ಹತ್ರ ಹೋಗ್ಬೇಡ, ಕರೆಂಟು!” ಎಂದಳು ಅತ್ತೆ.

ಹಳದಿ ಎಳೆ. ಕಂದು ಮಡ್ಡಿ. ಹಸಿರು ನೊರೆ. ಕುಂಕುಮ ಹಚ್ಚಿದ ಕ್ಯಾನಿನ ನೀರು ನೋಡನೋಡುತ್ತ ಗಟಾರವಾಯಿತು. ಉಪ್ಪು ಹಾಕದ ಗ್ಲಾಸು ಪಕ್ಕದಲ್ಲೇ ತಿಳಿಯಾಗಿ ನಿಂತಿತ್ತು.

ಅಪ್ಪನ ಕೈಯಲ್ಲಿ ಪೈಪು ನಿಂತಿತು. “ಇದೆಂಥದು? ನಿಮ್ಮ ನೀರೇ ಅಲ್ಲವಾ ಇದು?”

ಯತಿನ್ ಗ್ಲಾಸನ್ನು ನೋಡಿದ, ಉಪ್ಪಿನ ಡಬ್ಬಿಯನ್ನು ನೋಡಿದ, ಮೊದಲ ಸಲ ನನ್ನನ್ನು ನೋಡಿದ. ನಾಚಿಕೊಳ್ಳುತ್ತಾನೆ ಎಂದುಕೊಂಡೆ. ಅವನು ಚಪ್ಪಾಳೆ ತಟ್ಟಿದ.

“ಸಹೀ ಪಕಡಾ! ಅಂಕಲ್, ನಿಮ್ಮ ಮಗಳು ಹುಷಾರ್ ಇದ್ದಾಳೆ. ಉಪ್ಪು ಹಾಕಿದ್ರೆ ಯಾವ ನೀರಾದ್ರೂ ಹೀಗೇ ಆಗತ್ತೆ. ರಾಡಿನ ತುಕ್ಕು ಅದು. ಟ್ರೇನಿಂಗಲ್ಲಿ ಮೊದಲ ದಿನವೇ ಹೇಳ್ತಾರೆ ನಮಗೆ, ಗಿರಾಕಿ ಮನೆಯ ಉಪ್ಪಿನ ಡಬ್ಬಿ ದೂರ ಇರಲಿ ಅಂತ.”

“ಅಂದ್ರೆ ನಿನಗೆ ಗೊತ್ತಿತ್ತಾ?” ಎಂದು ಕೇಳಿದಳು ಅಮ್ಮ.

“ಡೆಮೊ ಅಂದ್ರೆ ಡೆಮೊ, ಆಂಟಿ. ಇದು ತೋರಿಸದಿದ್ರೆ ಜನ ಮಶೀನ್ ತಗೊಳ್ತಾರಾ?”

ಇಡೀ ವಾರ ನಾನು ಅವನನ್ನು ದಡ್ಡನೆಂದು ತಿರಸ್ಕರಿಸಿದ್ದೆ. ದಡ್ಡನ ಜೊತೆ ಹೇಗೋ ಬಾಳಬಹುದು. ಒಂದೊಂದಾಗಿ ತಿಳಿಸಿ ಹೇಳಬಹುದು. ಇವನಿಗೆ ತಿಳಿಸಲು ಏನೂ ಉಳಿದಿರಲಿಲ್ಲ.

ಅಪ್ಪನ ಮುಖ ನೋಡಿದೆ. ಸಿಟ್ಟು ಬರುತ್ತದೆ, ಪೈಪು ಎಸೆಯುತ್ತಾರೆ, ಪೆಟ್ಟಿಗೆ ಎತ್ತಿಕೊಂಡು ನಡೆ ಎನ್ನುತ್ತಾರೆ ಎಂದುಕೊಂಡೆ. ಅಪ್ಪನ ಹೊಟ್ಟೆ ಮೆಲ್ಲಗೆ ಕುಲುಕಿತು. ನಗುತ್ತಿದ್ದರು.

“ಸರಿ ಮಾರಾಯ. ನಮ್ಮಲ್ಲಿಯೂ ಹಾಗೇ ಅಲ್ಲವಾ? ಗಿರಾಕಿಗೆ ಕಾಣುವ ದೋಸೆ ಕಾವಲಿಗೆ ತುಪ್ಪ, ಒಳಗಿನ ಕಾವಲಿಗೆ ವನಸ್ಪತಿ. ದಂಧೆ ಅಂದ ಮೇಲೆ ಸ್ವಲ್ಪ ತೋರಿಸುವುದು ಇರ್ತದೆ.” ಅತ್ತೆಯ ಕಡೆ ತಿರುಗಿ, “ಹುಡುಗ ಚಾಲಾಕು ಇದ್ದಾನೆ ಜಲಜಾ,” ಎಂದರು.

“ನಾನು ಹೇಳಲಿಲ್ವಾ ಅಣ್ಣ?”

ಎಲ್ಲರೂ ನಕ್ಕರು. ನನ್ನ ಗ್ಲಾಸು ಯಾರಿಗೂ ಬೇಡದೆ ಟೀಪಾಯಿಯ ಮೇಲೆ ಮಡ್ಡಿಗಟ್ಟುತ್ತಿತ್ತು. ಸತ್ಯ ಹೊರಬಿದ್ದರೆ ಏನಾದರೂ ಆಗುತ್ತದೆ ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ. ನಮ್ಮ ಮನೆಯ ಹಾಲ್‌ನಲ್ಲಿ ಅದು ಹೊರಬಿತ್ತು. ಅತ್ತೆ ಅದನ್ನು ನೋಡುತ್ತ ತಟ್ಟೆಯ ಚಕ್ಕುಲಿ ಕಡಿದಳು.

ಯತಿನ್ ಮತ್ತೆ ಟ್ಯಾಂಕಿನತ್ತ ತಿರುಗಿದ. “ಡೆಮೊ ಬೇರೆ, ನೀರು ಬೇರೆ. ಈ ನೀರು ಏಕ್‌ದಮ್ ಪ್ಯೂರ್. ಅಂಕಲ್, ಉಳಿದದ್ದೂ ಖಾಲಿ ಮಾಡಿ, ನಾನು ಹಾಕ್ತೀನಿ.” ಮೊದಲ ಕ್ಯಾನಿನ ಮಲ್ಲಿಗೆ ಕಿತ್ತು, ಮುಚ್ಚಳ ತಿರುಗಿಸಿ, ಹೆಗಲಿಗೆ ಎತ್ತಿಕೊಂಡ. ಕ್ಯಾನಿನ ಬಾಯಿ ಗಾಜಿನ ಅಂಚಿಗೆ ಬಂತು.

“ಕೆಳಗಿಡಿ.”

ಯಾರು ಹೇಳಿದ್ದೆಂದು ಎಲ್ಲರೂ ಸುತ್ತ ನೋಡಿದರು. ನಾನೂ ಒಂದು ಕ್ಷಣ ನೋಡಿದೆನೇನೋ.

“ಅರೇ, ಬೋಲತೀ ಹೈ! ಮಾತು ಬರತ್ತೆ!” ಎಂದು ಯತಿನ್ ನಕ್ಕ. ಕ್ಯಾನು ಹೆಗಲ ಮೇಲೇ ಇತ್ತು.

“ಕ್ಯಾನು ಕೆಳಗಿಡಿ. ಒಂದು ಹನಿ ಹಾಕಬೇಡಿ.” ಟ್ಯಾಂಕಿನ ಬಳಿ ಹೋಗಿ ಎರಡು ಕೈಗಳನ್ನೂ ಅದರ ಮೇಲೆ ಅಡ್ಡ ಇಟ್ಟೆ. “ಅಪ್ಪ, ಪೈಪು ತೆಗೀರಿ.”

“ಏನಿದು ಪ್ರೇಕ್ಷಾ, ಬಂದವರ ಎದುರು?” ಅಪ್ಪನ ದನಿ ಹೋಟೆಲಿನ ದನಿಯಾಯಿತು.

“ಇದರಲ್ಲಿ ಅವನು ಸಾಯುತ್ತಾನೆ. ಇವರಿಗೆ ನಾನು ಬರೆದು ತಿಳಿಸಿದ್ದೆ. ಬೇಡ ಅಂದ ಮೇಲೂ ತಂದಿದ್ದಾರೆ.”

“ಅಷ್ಟಕ್ಕೆಲ್ಲ...” ಎಂದ ಯತಿನ್. “ಮರಾ ತೋ ನಯಾ ಲಾ ದೂಂಗಾ. ಕಲ್ಯಾಣ್‌ನಲ್ಲಿ ನನ್ನ ಒಬ್ಬ ಕ್ಲೈಂಟಿನದು ಮೀನಿನ ಶಾಪೇ ಇದೆ.”

ಸತ್ತರೆ ಹೊಸದು ತಂದುಕೊಡುತ್ತಾನಂತೆ.

“ಅತ್ತೆ, ನನಗೆ ಈ ಸಂಬಂಧ ಬೇಡ.”

ಜಲಜಾಕ್ಷಿ ಅತ್ತೆಯ ಚಕ್ಕುಲಿ ಅರ್ಧದಲ್ಲಿ ನಿಂತಿತು. “ಒಂದು ಮೀನಿಗೋಸ್ಕರವಾ? ರವಾ ಹಾಕಿ ಕಾಯಿಸಿದರೆ ಒಬ್ಬನ ಊಟಕ್ಕೂ ಸಾಲುವುದಿಲ್ಲ ಅದು!”

ಮೀನಿಗೋಸ್ಕರ ಮಾತ್ರವಲ್ಲ ಎಂದು ವಿವರಿಸಬಹುದಿತ್ತು. ಬರೆದದ್ದಕ್ಕೆ ಬಂದ ಹೆಬ್ಬೆರಳು, ಗೊತ್ತಿದ್ದೂ ಹಾಕಿದ ಸ್ವಿಚ್ಚು, ಅಪ್ಪನ ಕುಲುಕಿದ ಹೊಟ್ಟೆ, ಎಲ್ಲವನ್ನೂ ಬಿಡಿಸಿ ಹೇಳಬಹುದಿತ್ತು. ಅವರ ಮುಖಗಳನ್ನು ನೋಡಿದೆ. ಅಷ್ಟು ಮಾತು ಅಲ್ಲಿ ಖರ್ಚು ಮಾಡಲು ಮನಸ್ಸಾಗಲಿಲ್ಲ.

“ಹೌದು. ಮೀನಿಗೋಸ್ಕರ.”

ವಸಂತಿ ಎದ್ದು ನಿಂತರು. “ಓದಿದ ಹುಡುಗಿ ಅಂತ ಹೇಳಿದ್ರಿ ಜಲಜಾಕ್ಷಿ. ತಲೆ ಸರಿ ಉಂಟಾ ಅಂತ ನಾವು ಕೇಳ್ಲಿಲ್ಲ, ನಮ್ಮದೇ ತಪ್ಪು.” ಯತಿನ್ ಕ್ಯಾನು ಇಳಿಸಿ ಪೆಟ್ಟಿಗೆಯ ರಾಡುಗಳನ್ನು ಒರೆಸಿ ಬ್ಯಾಗಿಗೆ ಹಾಕಿದ. ನನ್ನ ಮೇಲೆ ಅವನಿಗೆ ಕೋಪವೂ ಬಂದಂತಿರಲಿಲ್ಲ. ಒಂದು ಮನೆ ಕೈತಪ್ಪಿದರೆ ಮುಂದಿನ ಮನೆ. ಬಾಗಿಲಲ್ಲಿ ನಿಂತು ಅಪ್ಪನಿಗೆ ತನ್ನ ಕಾರ್ಡು ಕೊಟ್ಟ.

“ಅಂಕಲ್, ರಿಶ್ತಾ ಅಲಗ್, ಮಶೀನ್ ಅಲಗ್. ಸಂಬಂಧ ಆಗದಿದ್ರೂ ಹೋಟೆಲಿಗೆ ಬೇಕಾದ್ರೆ ಫೋನ್ ಮಾಡಿ.”

ಅಪ್ಪ ಕಾರ್ಡನ್ನು ಜೇಬಿಗೆ ಹಾಕಿಕೊಂಡರು. ಎಚ್ಚರಿಕೆಯಿಂದ, ಮಡಿಕೆ ಬೀಳದಂತೆ.

ನಾನು ಡ್ರಮ್ಮಿನ ನೀರನ್ನು ಮಗ್ಗಿನಲ್ಲಿ ತಂದು ಮೆಲ್ಲಗೆ ಹಾಕತೊಡಗಿದೆ. ಒಂದಿಷ್ಟು ಹಾಕುವುದು, ನಿಲ್ಲುವುದು, ಮತ್ತೆ ಒಂದಿಷ್ಟು. ಅರ್ಧ ಟ್ಯಾಂಕು ಒಮ್ಮೆಲೇ ತುಂಬುವಂತಿಲ್ಲ. ಸಂಜೆಯವರೆಗೂ ಅದೇ ಕೆಲಸ. ಅನಂತು ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದ. ಹೊರಡಲು ಚಪ್ಪಲಿ ಹಾಕುತ್ತಿದ್ದ ಅತ್ತೆ ಬಗ್ಗಿ ನೋಡಿ, “ನೋಡು, ಸತ್ತೇ ಹೋಯ್ತು. ಹುಡುಗನೂ ಹೋದ, ಮೀನೂ ಹೋಯ್ತು. ಈಗ ಸಮಾಧಾನವಾ?” ಎಂದಳು.

ನಾನು ಇನ್ನೊಂದು ಮಗ್ಗು ನೀರು ಹಾಕಿದೆ. ಅನಂತುವಿನ ಕಿವಿರು ಆಡುತ್ತಿತ್ತು. ನನಗೆ ಅದು ಸಾಕಿತ್ತು. ಅವಳಿಗೆ ತೋರಿಸಿಕೊಡುವ ಅಗತ್ಯವಿರಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ಅನಂತು ಎದ್ದ. ಒಂದು ಸುತ್ತು ಹೊಡೆದ. ನಾನು ಹಾಕಿದ ಕಾಳನ್ನು ಬಾಯಿಗೆ ತೆಗೆದುಕೊಂಡು, ಸ್ವಲ್ಪ ಹೊತ್ತು ಇಟ್ಟುಕೊಂಡು, ನನ್ನ ಎದುರಿಗೇ ಉಗಿದ. ಚುಕ್ಕೆಗಳಲ್ಲಿ ಕೆಂಪು ಇನ್ನೂ ಬಂದಿರಲಿಲ್ಲ. ಬಾಯಿ ತೆರೆಯಲು ಅರ್ಧ ಟ್ಯಾಂಕು ಬೇಕಾಯಿತಲ್ಲ ನಿನಗೆ, ಎನ್ನುವ ಮುಖ. ಸಿಟ್ಟು ಇಳಿಯುವವರೆಗೆ ಇರಲಿ ಎಂದು ಬಿಟ್ಟೆ.

ಕುಂಕುಮದ ಕ್ಯಾನುಗಳು ಬಾಗಿಲ ಬಳಿಯೇ ಉಳಿದವು. ಅವರು ಒಯ್ಯಲಿಲ್ಲ, ನಾವು ಕಳುಹಿಸಲಿಲ್ಲ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಳು. ಆದರೂ ನೀರು ಚೆಲ್ಲುವ ಹೆಂಗಸಲ್ಲ. ಆ ರಾತ್ರಿ ಒಂದು ಕ್ಯಾನಿನ ನೀರಿನಲ್ಲಿ ಕಡಲೆ ನೆನೆಹಾಕಿ, ಮರುದಿನ ಅದರಲ್ಲೇ ಬೇಯಿಸಿದಳು. ಬೆಣ್ಣೆಯ ಹಾಗೆ ಬೆಂದಿತ್ತು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಆ ನೀರಿನ ಮೇಲೆ ನನಗೆ ಯಾವ ದೂರೂ ಇರಲಿಲ್ಲ.